ಅರ್ಧ ಸೌಟು

ಜೂನ್ 4

ದೊಡ್ಡಮ್ಮಾ,

ಪಾರ್ಸೆಲ್ ಬಿಚ್ಚುವ ಮೊದಲು ಈ ಕಾಗದ ಪೂರ್ತಿ ಓದು. ಫೋನಿನಲ್ಲಿ ಹೇಳಿದರೆ ನಿನ್ನ ಬಲಗಿವಿ ಅರ್ಧ ನುಂಗುತ್ತದೆ, ಎಡಗಿವಿ ಉಳಿದರ್ಧವನ್ನು ತಿರುಚುತ್ತದೆ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

ಒಳಗೆ ಮೂರು ಪ್ಯಾಕೆಟ್ ಹಸಿರು ಪುಡಿ ಇದೆ. ಬೇಯಿಸಿದ ಜೋಳದ ಮೇಲೆ ನಾನೇ ಬೆಳೆಸಿ, ಒಣಗಿಸಿ, ಪುಡಿ ಮಾಡಿದ ಬೂಷ್ಟು. ಟ್ರೈಕೋಡರ್ಮಾ ಅಂತ ಹೆಸರು. ಹೋದ ಬೆಳೆಯಲ್ಲಿ ನಿನ್ನ ಅರ್ಧ ಬಾಳೆತೋಟವನ್ನು ಮಲಗಿಸಿತಲ್ಲ, ಆ ಸೊರಗು ರೋಗವೂ ಮಣ್ಣಿನಲ್ಲಿರುವ ಒಂದು ಬೂಷ್ಟೇ. ಬೇರಿನಿಂದ ನುಗ್ಗಿ, ಗಿಡ ನೀರು ಕುಡಿಯುವ ದಾರಿಯನ್ನೇ ಮುಚ್ಚಿಬಿಡುತ್ತದೆ. ಔಷಧಿ ಹೊಡೆದರೆ ಅದಕ್ಕೆ ತಟ್ಟುವುದಿಲ್ಲ. ವರ್ಷಗಟ್ಟಲೆ ಮಣ್ಣಲ್ಲೇ ಕೂತಿರುತ್ತದೆ. ನಮ್ಮ ಹಸಿರು ಬೂಷ್ಟು ಅದನ್ನು ಬೇರಿನ ಹತ್ತಿರವೇ ಅಡ್ಡಗಟ್ಟಿ ತಿಂದು ಹಾಕುತ್ತದೆ. ಗಾಜಿನ ತಟ್ಟೆಯಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ತೋಟದಲ್ಲೂ ತಿನ್ನುತ್ತದೆಯೇ ಎಂದು ನೋಡಬೇಕು.

ಈಗ ಮುಖ್ಯವಾದ ಮಾತು. ನೂರಿಪ್ಪತ್ತು ಬಾಳೆಕಂದು ನೆಡು. ಒಂದು ಸಾಲಿಗೆ ಕೆಂಪು ಗೂಟ, ಮುಂದಿನ ಸಾಲಿಗೆ ಬಿಳಿ ಗೂಟ, ಹೀಗೆ ಅರವತ್ತು ಅರವತ್ತು. ಕೆಂಪು ಗೂಟದ ಪ್ರತಿ ಗಿಡಕ್ಕೆ ಒಂದು ಬುಟ್ಟಿ ಗೊಬ್ಬರದಲ್ಲಿ ಒಂದು ಸೌಟು ಪುಡಿ ಕಲಸಿ ಹಾಕು. ಬಿಳಿ ಗೂಟದವಕ್ಕೆ ಬರೀ ಗೊಬ್ಬರ. ಹಾಕಿದ್ದು ನಿಂತು, ಹಾಕದ್ದು ಬಿದ್ದರೆ ಮಾತ್ರ ಪುಡಿಯಿಂದ ಉಳಿಯಿತು ಎಂದು ಹೇಳಲು ಬರುತ್ತದೆ. ಮೂರನೇ ತಿಂಗಳು, ಐದನೇ ತಿಂಗಳು ಮತ್ತೆ ಹೊಸ ಪುಡಿ ಕಳಿಸುತ್ತೇನೆ.

ನಮ್ಮ ಪ್ರಯೋಗಾಲಯದ ಮೇಡಂ, "ಸಂಬಂಧಿಕರ ತೋಟ ಬೇಡಮ್ಮ, ಆಮೇಲೆ ತಲೆನೋವು" ಅಂದರು. ನಾನು, "ನಮ್ಮ ದೊಡ್ಡಮ್ಮ ಹೇಳಿದ್ದಕ್ಕೆ ಒಂದು ಕೂದಲೆಳೆ ಆಚೀಚೆ ಮಾಡೋರಲ್ಲ" ಅಂತ ಎದೆ ತಟ್ಟಿ ಹೇಳಿ ಬಂದಿದ್ದೇನೆ. ಮರ್ಯಾದೆ ಉಳಿಸು.

ಚೂಟಿ

ಜೂನ್ 17

ಚೂಟಿ,

ಮೂವತ್ತು ವರ್ಷ ಹಾಸ್ಟೆಲಿನ ಅಡುಗೆಮನೆಯಲ್ಲಿ ಬೂಷ್ಟು ಹಿಡಿದದ್ದನ್ನೆಲ್ಲ ಮೂಗು ಮುಚ್ಚಿಕೊಂಡು ಎಸೆದವಳು ನಾನು. ನಿವೃತ್ತಿಯಾಗಿ ತೋಟ ಮಾಡಿಕೊಂಡರೆ ನನ್ನ ತಂಗಿಯ ಮಗಳು ಬೂಷ್ಟನ್ನೇ ಪ್ಯಾಕೆಟ್ ಮಾಡಿ ಅಂಚೆಯಲ್ಲಿ ಕಳಿಸುತ್ತಾಳೆ. ಅಂಚೆಯವನು ಕೈ ಒರೆಸಿಕೊಂಡು, "ಏನಮ್ಮಾ ಇದು, ಹಳೇ ಗೋಡೆ ವಾಸನೆ ಬರ್ತಿದೆ?" ಅಂದ. "ನಮ್ಮ ಹುಡುಗಿಯ ವಿದ್ಯೆಯಪ್ಪಾ" ಅಂದೆ.

ನೆಟ್ಟದ್ದಾಯಿತು. ಕಂದುಗಳ ಹಳೇ ಬೇರು ಸವರಿ, ಗಡ್ಡೆ ತೊಳೆದು, ನೀನು ಬರೆದ ಅಳತೆಗೇ ಗುಂಡಿ ತೋಡಿಸಿದೆ. ಹಾಸ್ಟೆಲಿನಿಂದ ಬರುವಾಗ ಕೊಟ್ಟ ಹಿಡಿ ಸೊಟ್ಟಗಾದ ಸೌಟು ಇದೆಯಲ್ಲ, ಅದರಲ್ಲೇ ಅಳೆದೆ. ಗೂಟಗಳಿಗೆ ಬಣ್ಣ ಬಳಿದು ಕೈಯೆಲ್ಲ ಕೆಂಪು. ನೋಡಿದವರು ಕೊಲೆ ಮಾಡಿ ಬಂದಿದ್ದಾಳೆ ಅಂದುಕೊಳ್ಳಬೇಕು.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಬಿಳಿ ಗೂಟದವು ಏನು ತಪ್ಪು ಮಾಡಿದ್ದವು? ಅವೂ ಅದೇ ತಾಯಿಯ ಕಂದುಗಳೇ. ಇರಲಿ ಬಿಡು, ನೀವು ಓದಿದವರು. ನಿನ್ನ ಪುಡಿ ಒಂದು ಚಿಟಿಕೆಯೂ ಪೋಲಾಗಿಲ್ಲ, ಅಷ್ಟು ತಿಳಿದುಕೋ.

ಹದಿನೆಂಟು ಕಂದು ಮಿಕ್ಕಿದ್ದವು. ಎಸೆಯಲು ಮನಸ್ಸು ಬಾರದೆ ಅವತ್ತೇ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಊರಿದ್ದೇನೆ. ಅವಕ್ಕೆ ಗೂಟ ಇಲ್ಲ, ಲೆಕ್ಕಕ್ಕೆ ಬೇಡ.

ಊಟ ಬಿಡಬೇಡ. ಹೋದ ಸಲ ಬಂದಾಗ ನಿನ್ನ ಕತ್ತಿನ ಮೂಳೆ ಎಣಿಸಬಹುದಿತ್ತು.

ದೊಡ್ಡಮ್ಮ

ಸೆಪ್ಟೆಂಬರ್ 8

ದೊಡ್ಡಮ್ಮಾ,

ಎರಡನೇ ಸುತ್ತಿನ ಪುಡಿ ಕಳಿಸಿದ್ದೇನೆ. ಈ ಸಲದ್ದು ಎಷ್ಟು ಚೆನ್ನಾಗಿ ಬೆಳೆದಿತ್ತೆಂದರೆ ಬಾಟಲಿಗಳ ಸಾಲು ನೋಡಿ ಪಕ್ಕದ ಕೋಣೆಯವರೂ ಬಂದು ನಿಂತರು. ಒಂದು ಗಾಜಿನ ತಟ್ಟೆಯ ಆ ಕಡೆ ರೋಗದ ಬೂಷ್ಟು, ಬಿಳಿ ಹತ್ತಿಯ ಹಾಗೆ. ಈ ಕಡೆ ನಮ್ಮದು. ಐದನೇ ದಿನಕ್ಕೆ ಹತ್ತಿಯ ಮೇಲೆಲ್ಲ ಹಸಿರು. ನಾನು ಕೋಣೆಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ.

ಹದಿನೈದು ದಿನಕ್ಕೊಮ್ಮೆ ಎಣಿಕೆಯ ಹಾಳೆ ತುಂಬಿಸಿ, ಸಹಿ ಮಾಡಿ ಕಳಿಸುತ್ತಿದ್ದೀಯ, ತುಂಬಾ ಉಪಕಾರ. ಅಡಿ ಎಲೆಯ ಅಂಚು ಹಳದಿಯಾಗುವುದು, ಎಲೆ ಬುಡದಲ್ಲೇ ಮುರಿದು ಲಂಗದ ಹಾಗೆ ಗಿಡದ ಸುತ್ತ ಜೋತುಬೀಳುವುದು, ಬುಡ ಸೀಳುವುದು. ಇವು ಮೂರನ್ನೂ ಗಮನಿಸು. ಬಿಳಿ ಗೂಟಗಳನ್ನು ಹೆಚ್ಚು ಗಮನಿಸು. ಇನ್ನು ಸ್ವಲ್ಪ ದಿನದಲ್ಲಿ ಅವು ಶುರುಮಾಡುತ್ತವೆ.

ಇದು ಗೆದ್ದರೆ, ಈ ಪುಡಿ ಮಾಡಲು ಒಂದು ಇಡೀ ಕಟ್ಟಡ ಕೊಡುತ್ತಾರಂತೆ. ಬಾಳೆ ಬೆಳೆಯುವ ಎಲ್ಲರಿಗೂ ಹಂಚುವಷ್ಟು. ಮೇಡಂ ಬಾಯಿಬಿಟ್ಟು ಹೇಳಿಲ್ಲ, ಆದರೆ ನಕ್ಷೆ ಮೇಜಿನ ಮೇಲಿತ್ತು.

ಚೂಟಿ

ನವೆಂಬರ್ 20

ಚೂಟಿ,

ಮೂರನೇ ಸುತ್ತೂ ಮುಗಿಯಿತು. ಹಾಳೆ ಜೊತೆಗಿದೆ. ಕೆಂಪಿನಲ್ಲಿ ಎರಡು ಹೋಗಿವೆ, ಬಿಳಿಯಲ್ಲಿ ಮೂರು. ಉಳಿದವು ಹೇಗಿವೆ ಅಂತ ನೀನೇ ಬಂದು ನೋಡಬೇಕು. ಎಲೆ ಬಿಡಿಸಿದರೆ ಒಂದರ ಅಡಿಯಲ್ಲಿ ಇಬ್ಬರು ನಿಲ್ಲಬಹುದು. ಪಕ್ಕದ ತೋಟದವರು ಬೇಲಿಯ ಮೇಲಿಂದ, "ಅಕ್ಕಾ, ಏನು ಹಾಕಿದ್ರಿ?" ಅಂತ ದಿನಾ ಕೇಳುತ್ತಾರೆ. ಅವರಲ್ಲಿ ಅರ್ಧಕ್ಕರ್ಧ ಮಲಗಿದೆ. ನಾನು, "ನಮ್ಮ ಹುಡುಗೀನ ಕೇಳಿ" ಅಂತ ಜಾರಿಕೊಳ್ಳುತ್ತೇನೆ.

ಒಗೆಯುವ ಕಲ್ಲಿನ ಹತ್ತಿರದವನ್ನು ಮಾತ್ರ ಒಂದೊಂದಾಗಿ ಕಡಿದು ಸುಡುತ್ತಿದ್ದೇನೆ. ಕಡಿದರೆ ದಿಂಡಿನ ತುಂಬ ಕಂದುಬಣ್ಣದ ಗೆರೆ. ಬೇಜಾರು ಬಿಡು.

ನೀನು ಖುಷಿಯಾಗಿದ್ದೀಯ ತಾನೇ? ಹಿಂದಿನ ಎರಡು ಕಾಗದದಲ್ಲಿ ಬರೀ ಎಣಿಕೆ ಕೇಳಿದ್ದೀಯ, ಒಂದೂ ಜಗಳ ಇಲ್ಲ.

ದೊಡ್ಡಮ್ಮ

ಫೆಬ್ರುವರಿ 11

ದೊಡ್ಡಮ್ಮಾ,

ಎರಡು ತಿಂಗಳಿಂದ ನಿನಗೆ ಎಲ್ಲ ಸರಿಯಾಗಿದೆ ಎಂದೇ ಬರೆಯುತ್ತಿದ್ದೆ. ಸರಿಯಾಗಿರಲಿಲ್ಲ. ಇವತ್ತು ಹೇಳಿಬಿಡುತ್ತೇನೆ.

ಎಣಿಕೆ ಮುಗಿಯಿತು. ಕೆಂಪು ಗೂಟದಲ್ಲಿ ನಾಲ್ಕು ಗಿಡ ಹೋಗಿವೆ, ಬಿಳಿಯಲ್ಲಿ ಐದು. ಅರವತ್ತಕ್ಕೆ ನಾಲ್ಕು, ಅರವತ್ತಕ್ಕೆ ಐದು. ಅಂದರೆ ಪುಡಿ ಹಾಕಿದ್ದಕ್ಕೂ ಹಾಕದ್ದಕ್ಕೂ ವ್ಯತ್ಯಾಸವೇ ಇಲ್ಲ. ನಿನ್ನ ತೋಟ ಚೆನ್ನಾಗಿದೆ, ಅದು ನನಗೆ ನಿಜವಾಗಿಯೂ ಸಂತೋಷ. ಆದರೆ ಇಲ್ಲಿನ ಸಭೆಯಲ್ಲಿ ಎಲ್ಲರೂ, "ಈ ವರ್ಷ ರೋಗವೇ ತಣ್ಣಗಾಗಿದೆ, ಪುಡಿಯದೇನೂ ಪಾತ್ರವಿಲ್ಲ" ಅಂದರು. ಪಕ್ಕದ ತೋಟದಲ್ಲಿ ಬಿದ್ದಿವೆಯಲ್ಲ ಅಂದೆ. ಅದು ಬೇರೆ ತಳಿ, ಬೇರೆ ನೀರು, ಹೋಲಿಸಲು ಬರುವುದಿಲ್ಲ ಅಂದರು. ಅವರು ಹೇಳಿದ್ದು ಸರಿಯೇ.

ಪುಡಿಯೇ ಸತ್ತಿತ್ತೇನೋ ಎಂದು ಮಿಕ್ಕ ಪ್ಯಾಕೆಟ್ ಒಡೆದು ಮತ್ತೆ ಬೆಳೆಸಿ ನೋಡಿದೆ. ಮೂರೇ ದಿನಕ್ಕೆ ತಟ್ಟೆ ತುಂಬ ಹಸಿರು. ಎಲ್ಲಿ ತಪ್ಪಿತೋ ತಿಳಿಯುತ್ತಿಲ್ಲ. ನಿನ್ನ ಮೇಲೆ ಎಳ್ಳಷ್ಟೂ ಅನುಮಾನವಿಲ್ಲ. ತಪ್ಪು ನನ್ನದೇ ಇರಬೇಕು.

ಏಪ್ರಿಲ್ ಕೊನೆಗೆ ನಮ್ಮ ಕೋಣೆ ಮುಚ್ಚುತ್ತಾರೆ. ನನ್ನನ್ನು ಕಡತಗಳ ವಿಭಾಗಕ್ಕೆ ಹಾಕುತ್ತಾರಂತೆ. ಆರು ವರ್ಷ ಬೆಳೆಸಿದ ಬೂಷ್ಟನ್ನು ಕುದಿಯುವ ನೀರಿಗೆ ಹಾಕಿ ಚೆಲ್ಲಬೇಕು.

ಚೂಟಿ

ಮಾರ್ಚ್ 6

ಚೂಟಿ,

ಈ ಕಾಗದ ಮೂರನೆಯದು. ಮೊದಲೆರಡನ್ನು ಬರೆದು ಹರಿದು ಒಲೆಗೆ ಹಾಕಿದೆ.

ತಪ್ಪು ನಿನ್ನದಲ್ಲ. ನಾನು ಬಿಳಿ ಗೂಟದವಕ್ಕೂ ಪುಡಿ ಹಾಕಿದ್ದೇನೆ. ಮೂರು ಸುತ್ತಲ್ಲೂ. ಕೆಂಪಿಗೆ ಅರ್ಧ ಸೌಟು, ಬಿಳಿಗೆ ಅರ್ಧ ಸೌಟು.

ಮೊದಲ ದಿನ ನೀನು ಹೇಳಿದಂತೆಯೇ ಶುರುಮಾಡಿದೆ. ಕೆಂಪು ಸಾಲು ಮುಗಿಸಿ ಬಿಳಿ ಸಾಲಿಗೆ ಬಂದು ಬರೀ ಗೊಬ್ಬರ ಸುರಿದೆ. ಎರಡನೇ ಗಿಡಕ್ಕೆ ಕೈ ನಿಂತುಹೋಯಿತು. ಹಾಸ್ಟೆಲಿನಲ್ಲಿ ಒಮ್ಮೆ ಗ್ಯಾಸ್ ಮುಗಿದು ಅರ್ಧ ಅಡುಗೆ ಮಾತ್ರ ಆಗಿತ್ತು. ವಾರ್ಡನ್ ಬಂದು, "ದೊಡ್ಡೋರಿಗೆ ಪರೀಕ್ಷೆ ಇದೆ, ಅವರಿಗೆ ಬಡಿಸು. ಚಿಕ್ಕೋರು ಬಿಸ್ಕತ್ತು ತಿನ್ಲಿ" ಅಂದರು. ಇನ್ನೂರೈವತ್ತು ತಟ್ಟೆಗೂ ಅರ್ಧರ್ಧ ಬಡಿಸಿದೆ. ಅವತ್ತು ಬೈಸಿಕೊಂಡೆ, ಆದರೆ ನಿದ್ದೆ ಬಂತು. ಪಂಕ್ತಿಭೇದ ನನ್ನ ಕೈಯಲ್ಲಿ ಆಗುವುದಿಲ್ಲ ಚೂಟಿ. ಮಕ್ಕಳಿಗೂ ಆಗಲಿಲ್ಲ, ಗಿಡಕ್ಕೂ ಆಗಲಿಲ್ಲ. ಹಾಕಿದ್ದ ಕೆಂಪು ಸಾಲಿನಿಂದ ಅರ್ಧರ್ಧ ಗೊಬ್ಬರ ವಾಪಸು ತೋಡಿ, ಕಲಸಿ, ಎಲ್ಲಕ್ಕೂ ಸಮ ಮಾಡಿದೆ.

ಇದರಿಂದ ನಿನಗೆ ಒಳ್ಳೆಯದೇ ಆಗುತ್ತದೆ ಅಂದುಕೊಂಡಿದ್ದೆ. ನೂರಿಪ್ಪತ್ತೂ ನಿಂತರೆ ನಿನ್ನ ಮೇಡಂ ಇನ್ನೂ ಹೆಚ್ಚು ಮೆಚ್ಚುತ್ತಾರೆ ಅಂತ. ನಿಂತದ್ದೇ ನಿನಗೆ ಮುಳುವಾಗುತ್ತದೆ ಅಂತ ನನ್ನ ತಲೆಗೆ ಹೊಳೆಯಲೇ ಇಲ್ಲ.

ಕಲ್ಲಿನ ಹತ್ತಿರದ ಹದಿನೆಂಟಕ್ಕೆ ಕೊಡಲು ಪುಡಿ ಸಾಲಲಿಲ್ಲ. ಅವಕ್ಕೂ ಹಂಚಿದ್ದರೆ ಯಾರಿಗೂ ಹೊಟ್ಟೆ ತುಂಬುತ್ತಿರಲಿಲ್ಲ. ಹನ್ನೊಂದು ಹೋದವು. ಆ ಪಾಪವೂ ನನ್ನ ತಲೆಗೇ.

ಬೈಯುವುದಿದ್ದರೆ ಪೂರ್ತಿ ಬೈದುಬಿಡು. ಸುಮ್ಮನೆ ಮಾತ್ರ ಇರಬೇಡ.

ದೊಡ್ಡಮ್ಮ

ಮಾರ್ಚ್ 12

ದೊಡ್ಡಮ್ಮನವರಿಗೆ,

ನಿಮ್ಮ ಕಾಗದ ತಲುಪಿತು. ಎಂಟು ತಿಂಗಳ ಎಣಿಕೆಯ ಹಾಳೆಗಳಿಗೆ ನೀವು ಸಹಿ ಮಾಡಿದ್ದೀರಿ. ಅವುಗಳಲ್ಲಿ ಒಂದಕ್ಕೂ ಈಗ ಬೆಲೆಯಿಲ್ಲ. ವಿಷಯವನ್ನು ಮೇಡಂಗೆ ತಿಳಿಸಲೇಬೇಕು, ತಿಳಿಸುತ್ತೇನೆ. ಸಂಬಂಧಿಕರ ತೋಟ ಬೇಡ ಎಂದು ಅವರು ಮೊದಲೇ ಹೇಳಿದ್ದರು. ನಿಮ್ಮ ಮಾತಿಗೆ ನಾನು ಎದೆ ತಟ್ಟಿಕೊಂಡದ್ದು ನನ್ನ ತಪ್ಪು.

ಆರೋಗ್ಯ ನೋಡಿಕೊಳ್ಳಿ.

ಮಾರ್ಚ್ 20

ಚೂಟಿ,

ನೀನು ಹುಟ್ಟಿದಾಗಿನಿಂದ ನನ್ನನ್ನು "ನೀವು" ಅಂದವಳಲ್ಲ. ಐದು ವರ್ಷದವಳಿದ್ದಾಗ ಕೆನ್ನೆಗೆ ಹೊಡೆದಿದ್ದೆ, ಅವತ್ತೂ "ಹೋಗೇ ದೊಡ್ಡಮ್ಮಾ" ಅಂದಿದ್ದೆ. ನಿನ್ನ ಕಾಗದ ಓದಿ ಬಾಳೆಯ ನೆರಳಲ್ಲಿ ಕೂತು ಅತ್ತೆ. ಗೊನೆಗಳು ತಲೆಯ ಮೇಲೆ ತೂಗುತ್ತಿದ್ದವು. ಅಷ್ಟು ಚೆಂದದ ಗೊನೆ ನೋಡಿ ಯಾರೂ ಅತ್ತಿರಲಾರರು.

ನಿನ್ನ ಮೇಡಂ ಹತ್ತಿರ ನಾನೇ ಬಂದು ತಪ್ಪೊಪ್ಪಿಕೊಳ್ಳುತ್ತೇನೆ. ಬಸ್ಸಿನ ಸಮಯ ವಿಚಾರಿಸಿದ್ದೇನೆ.

ದೊಡ್ಡಮ್ಮ

ಏಪ್ರಿಲ್ 2

ದೊಡ್ಡಮ್ಮಾ,

ಬಸ್ಸು ಹತ್ತಬೇಡ. ಮೇಡಂ ಅವರೇ ಅಲ್ಲಿಗೆ ಬರುತ್ತಿದ್ದಾರೆ.

ನಿನ್ನ ತಪ್ಪೊಪ್ಪಿಗೆಯ ಕಾಗದವನ್ನು ಮೇಜಿನ ಮೇಲಿಟ್ಟು ಅವರ ಮುಂದೆ ನಿಂತಿದ್ದೆ. ಅವರು ಕನ್ನಡಕ ಮೇಲಕ್ಕೇರಿಸಿ ಎರಡು ಸಲ ಓದಿದರು. ನಾನು ಬೈಗುಳಕ್ಕೆ ಕಾಯುತ್ತಿದ್ದರೆ ಅವರು ಕೇಳಿದ್ದು ಇಷ್ಟೇ: "ಈ ಹದಿನೆಂಟು ಗಿಡ ಯಾವುವು?"

ದೊಡ್ಡಮ್ಮಾ, ನೀನು ಜೂನ್‌ನಲ್ಲೇ ಬರೆದಿದ್ದೆ. ನವೆಂಬರ್‌ನಲ್ಲೂ ಬರೆದಿದ್ದೆ. ನಾನು ಓದಿಯೂ ಓದಿರಲಿಲ್ಲ. ಅದೇ ಕಂದು, ಅದೇ ದಿನ ನೆಟ್ಟದ್ದು, ಅದೇ ರೋಗದ ಮಣ್ಣು, ಪುಡಿ ಮಾತ್ರ ಇಲ್ಲ. ಹದಿನೆಂಟಕ್ಕೆ ಹನ್ನೊಂದು! ಪುಡಿ ಬಿದ್ದ ನೂರಿಪ್ಪತ್ತಕ್ಕೆ ಒಂಬತ್ತು. ರೋಗ ತಣ್ಣಗಾಗಿರಲಿಲ್ಲ. ನಿನ್ನ ಒಗೆಯುವ ಕಲ್ಲಿನ ಹತ್ತಿರ ಅದು ಹಲ್ಲು ಕಿರಿದುಕೊಂಡೇ ನಿಂತಿತ್ತು.

ಇನ್ನೊಂದು ಇದೆ. ಒಂದು ಸೌಟು ಬೇಕು ಅಂತ ನಾವು ಅಂದುಕೊಂಡಿದ್ದೆವು. ನಿನ್ನ ಲೆಕ್ಕದಲ್ಲಿ ಅರ್ಧ ಸೌಟೇ ಸಾಕಾಗಿದೆ. ಅದು ನಿಜವಾದರೆ ಇರುವ ಪುಡಿಯಲ್ಲೇ ಎರಡರಷ್ಟು ಗಿಡ ಉಳಿಯುತ್ತದೆ. ಆದರೆ ಮೇಡಂ, "ಕೈ ಅಳತೆ ನಂಬೋದು ಹೇಗೆ? ಅರ್ಧ ಅಂದ್ರೆ ಅರ್ಧಾನೇ ಹಾಕಿದ್ರು ಅಂತ ಏನು ಗ್ಯಾರಂಟಿ?" ಅನ್ನುತ್ತಾರೆ. ತಕ್ಕಡಿ ತರುತ್ತಿದ್ದಾರೆ. ಸೌಟು ತೊಳೆದಿಡು.

ನಿನ್ನ ಮೇಲೆ ಸಿಟ್ಟು ಇನ್ನೂ ಇದೆ. ಆದರೆ "ನೀವು" ಅಂದದ್ದು ತಪ್ಪಾಯಿತು. ಬರೆದು ಅಂಚೆಗೆ ಹಾಕಿದ ಮೇಲೆ ನನಗೇ ತಡೆಯಲಾಗಲಿಲ್ಲ.

ನಿನ್ನ ಚೂಟಿ

ಏಪ್ರಿಲ್ 18

ಚೂಟಿ,

ನಿನ್ನ ಮೇಡಂ ಬಂದು ಹೋದರು. ಗಟ್ಟಿ ಹೆಂಗಸು. ಚಪ್ಪಲಿ ಬಿಟ್ಟು ಮಣ್ಣಿಗಿಳಿದು ಕಲ್ಲಿನ ಹತ್ತಿರ ಉಳಿದ ಏಳು ಗಿಡವನ್ನೂ ಮುಟ್ಟಿ ಮುಟ್ಟಿ ನೋಡಿದರು. ಕಡಿದ ಬುಡಗಳಿಂದ ಒಂದೊಂದು ಚೂರು ಕೊಯ್ದು ಡಬ್ಬಿಗೆ ಹಾಕಿಕೊಂಡರು.

ಆಮೇಲೆ ಜಗಲಿಯ ಮೇಲೆ ತಕ್ಕಡಿ ಇಟ್ಟು, ಪುಡಿಯ ಡಬ್ಬಿ ಇಟ್ಟು, "ಅರ್ಧ ಸೌಟು ಹಾಕಿ" ಅಂದರು. ಹಾಕಿದೆ. ಇಪ್ಪತ್ತೈದು ಗ್ರಾಂ. "ಇನ್ನೊಂದ್ಸಲ." ಇಪ್ಪತ್ತೈದು. ಹೀಗೆ ಇಪ್ಪತ್ತು ಸಲ ಹಾಕಿಸಿದರು. ನಡುವೆ ಬೇಕಂತಲೇ ಮಾತಿಗೆಳೆದು ಗಮನ ತಪ್ಪಿಸಲು ನೋಡಿದರು. ನಾನು ಅವರಿಗೆ ಉತ್ತರ ಕೊಡುತ್ತಲೇ ಹಾಕಿದೆ. ಎರಡು ಸಲ ಇಪ್ಪತ್ತಾರು ಬಂತು, ಒಂದು ಸಲ ಇಪ್ಪತ್ನಾಲ್ಕು. ಮಿಕ್ಕಿದ್ದೆಲ್ಲ ಇಪ್ಪತ್ತೈದೇ.

ಅವರು ತಕ್ಕಡಿ ತಟ್ಟಿ ನೋಡಿದರು, ಕೆಟ್ಟಿದೆಯೇನೋ ಅಂತ. "ಮೂವತ್ತು ವರ್ಷ ಕೊನೇ ತಟ್ಟೆಗೂ ಮೊದಲನೇ ತಟ್ಟೆಯಷ್ಟೇ ಬಡಿಸಿದ ಕೈ ಮೇಡಂ. ತಕ್ಕಡಿ ಬೇಕಾದ್ರೆ ರಿಪೇರಿಗೆ ಕೊಡಿ" ಅಂದೆ. ಆಗ ನಕ್ಕರು ನೋಡು, ಮುಂಚೆ ನಕ್ಕೇ ಇರಲಿಲ್ಲ.

ಹೋಗುವಾಗ ಒಂದು ಮಾತು ಹೇಳಿದರು. "ಅಮ್ಮಾ, ಹದಿನೆಂಟು ಗಿಡದಿಂದ ಯಾರನ್ನೂ ಒಪ್ಪಿಸೋಕಾಗಲ್ಲ. ಇನ್ನೊಮ್ಮೆ ಮಾಡ್ಬೇಕು. ಕೆಲವಕ್ಕೆ ಏನೂ ಕೊಡದೇ ಇರ್ಬೇಕು. ಮನಸ್ಸು ಗಟ್ಟಿ ಮಾಡ್ಕೊಂಡು ನೋಡ್ತಾ ನಿಲ್ತೀರಾ?"

ಯೋಚಿಸುತ್ತೇನೆ ಅಂತ ಅವರ ಚೀಲಕ್ಕೆ ಒಂದು ಚಿಪ್ಪು ಬಾಳೆಕಾಯಿ ತುರುಕಿದೆ.

ದೊಡ್ಡಮ್ಮ

ಮೇ 25

ದೊಡ್ಡಮ್ಮಾ,

ಕೋಣೆ ಮುಚ್ಚುವುದನ್ನು ಒಂದು ವರ್ಷ ಮುಂದಕ್ಕೆ ಹಾಕಿದ್ದಾರೆ. ಮತ್ತೆ ಪ್ರಯೋಗ. ನಿನ್ನ ಹಳೇ ನೆಲದಲ್ಲಿ ಪುಡಿ ಬೆರೆತುಹೋಗಿದೆ, ಆದ್ದರಿಂದ ಒಗೆಯುವ ಕಲ್ಲಿನ ಆಚೆಯ ಖಾಲಿ ನೆಲ. ಕೆಂಪಿಗೆ ಪೂರ್ತಿ, ನೀಲಿಗೆ ಅರ್ಧ, ಬಿಳಿಗೆ ಏನೂ ಇಲ್ಲ. ನಲವತ್ತು ನಲವತ್ತು. ಬೇರೆ ಇಬ್ಬರ ತೋಟದಲ್ಲೂ ಇದೇ ನಡೆಯುತ್ತದೆ. ಪುಡಿಯನ್ನು ಈ ಸಲ ಗಿಡಕ್ಕೊಂದು ಪೊಟ್ಟಣ ಮಾಡಿ, ತೂಗಿ, ಗುರುತು ಬರೆದು ಕಳಿಸುತ್ತೇವೆ.

ನಿನ್ನ ತೋಟ ಬೇಡವೆಂದು ಸಭೆಯಲ್ಲಿ ಇಬ್ಬರು ಹೇಳಿದರು. ಮೇಡಂ, "ತಪ್ಪನ್ನ ತಾವಾಗೇ ಬರೆದು ಕಳಿಸಿದೋರು ಅವರೊಬ್ಬರೇ" ಅಂದರು.

ನಾನು ಒತ್ತಾಯ ಮಾಡುವುದಿಲ್ಲ. ನಿನಗೆ ಇದು ಎಷ್ಟು ಕಷ್ಟ ಅಂತ ನನಗೆ ಈಗ ಗೊತ್ತು. ಆಗುವುದಿಲ್ಲ ಅಂದರೆ ಆಗುವುದಿಲ್ಲ ಅನ್ನು. ಆದರೆ ಒಂದು ಯೋಚಿಸು. ಬಿಳಿ ಗೂಟದ ನಲವತ್ತು ಗಿಡ ಈ ಸಲ ಉಪವಾಸ ಕೂತರೆ, ಬೇಲಿಯಾಚೆಯ ಸಾವಿರಾರು ಗಿಡಕ್ಕೆ ಬಡಿಸಲು ದಾರಿಯಾಗುತ್ತದೆ.

ಚೂಟಿ

ಜೂನ್ 10

ಚೂಟಿ,

ನೆಟ್ಟಿದ್ದೇನೆ. ಕೆಂಪು, ನೀಲಿ, ಬಿಳಿ. ಬಿಳಿಗೆ ಬರೀ ಗೊಬ್ಬರ. ಈ ಸಲ ನಿಜವಾಗಿಯೂ.

ಈ ಪಾರ್ಸೆಲಿನಲ್ಲಿ ಸೌಟು ಇದೆ. ನಿನ್ನ ಹತ್ತಿರವೇ ಇಟ್ಟುಕೋ. ನೀನು ಪೊಟ್ಟಣ ಕಟ್ಟಿ ಕಳಿಸಿದ್ದೀಯ, ನಿಜ. ಆದರೂ ಸೌಟು ಗೋಡೆಯಲ್ಲಿದ್ದರೆ ಕೈ ಅದರ ಕಡೆಗೇ ಹೋಗುತ್ತದೆ. ನನ್ನನ್ನು ನಾನು ಚೆನ್ನಾಗಿ ಬಲ್ಲೆ.

ದೊಡ್ಡಮ್ಮ

ಜೂನ್ 16

ದೊಡ್ಡಮ್ಮಾ,

ಸೌಟು ಬಂತು. ಕೆಲಸದ ಮೇಜಿನ ಮೇಲೆ ಮೊಳೆ ಹೊಡೆದು ತೂಗುಹಾಕಿದ್ದೇನೆ. ಬಂದವರೆಲ್ಲ ಇದು ಯಾವ ಉಪಕರಣ ಎಂದು ಕೇಳುತ್ತಾರೆ. ಮೇಡಂ, "ಇಲ್ಲಿರೋದರಲ್ಲೆಲ್ಲ ಕರಾರುವಾಕ್ಕಾದದ್ದು ಅದೇ" ಅನ್ನುತ್ತಾರೆ.

ಚೂಟಿ

ನವೆಂಬರ್ 13

ಚೂಟಿ,

ಬಿಳಿ ಗೂಟ, ಎರಡನೇ ಸಾಲು, ಏಳನೇ ಗಿಡ. ಅಡಿ ಎಲೆಯ ಅಂಚು ಹಳದಿ. ಬಿಳಿಯಲ್ಲಿ ಇದು ಆರನೆಯದು.

ಮೂರನೇ ಸುತ್ತಿನ ನೀಲಿಯ ಪೊಟ್ಟಣಗಳು ಕೈಯಲ್ಲೇ ಇದ್ದವು. ಗಿಡದ ಮುಂದೆ ನಿಂತೆ, ಎಷ್ಟು ಹೊತ್ತೋ ಗೊತ್ತಿಲ್ಲ. "ತಾಯೀ, ಕ್ಷಮಿಸು" ಅಂತ ಗಟ್ಟಿಯಾಗಿಯೇ ಹೇಳಿದೆ. ಪಕ್ಕದ ತೋಟದವರು ಕೇಳಿಸಿಕೊಂಡು, "ಯಾರ ಹತ್ರ ಮಾತಾಡ್ತಿದೀರಕ್ಕಾ?" ಅಂದರು. ಮುಂದೆ ಹೋಗಿ ನೀಲಿಯವಕ್ಕೆ ಹಾಕಿ ಮುಗಿಸಿದೆ. ಬಿಳಿಗೆ ಹಾಕಲಿಲ್ಲ. ಹಾಕಲಿಲ್ಲ ಅಂತ ನಂಬು.

ದೊಡ್ಡಮ್ಮ

ನವೆಂಬರ್ 19

ದೊಡ್ಡಮ್ಮಾ,

ನಂಬಿದ್ದೇನೆ. ನಿನ್ನ ಕಾಗದ ಓದಿ ನಾನೂ ಕಣ್ಣೊರೆಸಿಕೊಂಡೆ. ಆ ಏಳನೇ ಗಿಡದ ಹತ್ತಿರ ನನ್ನ ಪರವಾಗಿಯೂ ಕ್ಷಮೆ ಕೇಳು.

ಚೂಟಿ

ಮೇ 14

ಚೂಟಿ,

ಕೊನೆಯ ಹಾಳೆ ಜೊತೆಗಿದೆ. ಕೆಂಪು ನಲವತ್ತರಲ್ಲಿ ಮೂರು ಹೋದವು. ನೀಲಿಯಲ್ಲಿ ನಾಲ್ಕು. ಬಿಳಿಯಲ್ಲಿ ಇಪ್ಪತ್ತೊಂದು. ಒಂದೊಂದನ್ನೂ ನಾನೇ ಕಡಿದು, ನಾನೇ ಸುಟ್ಟು, ನಾನೇ ಬರೆದಿದ್ದೇನೆ. ಎಲ್ಲಕ್ಕೂ ಸಹಿ ಇದೆ. ಈ ಸಲದ ಸಹಿಗೆ ಬೆಲೆ ಇದೆ.

ದೊಡ್ಡಮ್ಮ

ಮೇ 30

ದೊಡ್ಡಮ್ಮಾ!

ಮೂರು ತೋಟದಲ್ಲೂ ಹಾಗೇ! ಅರ್ಧ ಸೌಟು ಸಾಕು! ಸಭೆಯಲ್ಲಿ ಯಾರೂ ಒಂದು ಮಾತು ಎದುರಾಡಲಿಲ್ಲ. ಕಟ್ಟಡದ ನಕ್ಷೆ ಮತ್ತೆ ಮೇಜಿನ ಮೇಲೆ ಬಂದಿದೆ, ಈ ಸಲ ಸಹಿಯ ಸಮೇತ. ಮೊದಲ ಪುಡಿ ನಿನ್ನ ಬೇಲಿಯಾಚೆಯವರಿಗೇ. ಶುಕ್ರವಾರ ಮೂಟೆಗಳ ಜೊತೆ ನಾನೇ ಬರುತ್ತಿದ್ದೇನೆ. ಏನು ತರಲಿ?

ನಿನ್ನ ಚೂಟಿ

ಜೂನ್ 3

ಚೂಟಿ,

ಪಕ್ಕದವರು ಆಗಲೇ ಗುಂಡಿ ತೋಡಿ, ಬುಟ್ಟಿ ಹಿಡಿದು ಸಾಲಾಗಿ ಕೂತಿದ್ದಾರೆ. ಬಿಳಿ ಗೂಟಗಳನ್ನೆಲ್ಲ ಕಿತ್ತು ಒಲೆಗೆ ಹಾಕಿದೆ.

ಸೌಟು ತಗೊಂಡು ಬಾ. ಈ ಸಲ ಎಲ್ಲರಿಗೂ ಬಡಿಸುವುದಿದೆ.

ದೊಡ್ಡಮ್ಮ